ನಾಳೆ ಬೆಳಗ್ಗೆ ಎಂಟಕ್ಕೆ

26 ಆಗಸ್ಟ್ 2024, ಸೋಮವಾರ
ಮ್ಯಾಂಚೆಸ್ಟರ್

ನಿನ್ನೆ ಇಲ್ಲಿನ ಒಯಾಸಿಸ್ ರಾಕ್ ತಂಡದ ಹಾಡುಗಾರ ಲಿಯಮ್ ಗ್ಯಾಲಹರ್ ಮತ್ತು ಅದಕ್ಕೆ ಹಾಡು ಬರೆದ ಅವನ ಅಣ್ಣ ನೋಯಲ್ ಇಬ್ಬರೂ ತಂತಮ್ಮ ಖಾತೆಗಳಲ್ಲಿ ಒಂದೇ ತುಣುಕನ್ನು ಹಾಕಿದ್ದಾರೆ. ಒಯಾಸಿಸ್‌ನ ಹಳೆಯ ಲಾಂಛನದ ಅಕ್ಷರಗಳಲ್ಲಿ 27.08.24 ಎಂಬ ದಿನಾಂಕ, ಬೆಳಗ್ಗೆ ಎಂಟು ಗಂಟೆ ಎಂಬ ಸಮಯ, ಅಷ್ಟೇ. ರಾತ್ರಿ ರೆಡಿಂಗ್ ಉತ್ಸವದಲ್ಲಿ ಲಿಯಮ್, ಅಣ್ಣನೇ ಬರೆದು ಅಣ್ಣನೇ ಹಾಡಿದ್ದ ‘ಹಾಫ್ ದ ವರ್ಲ್ಡ್ ಅವೇ’ಯನ್ನು ಅವನ ಹೆಸರೆತ್ತಿ, ನಡುವೆ ಒಂದು ಬೈಗುಳವನ್ನೂ ಸೇರಿಸಿ, ಅವನಿಗೇ ಅರ್ಪಿಸಿದನಂತೆ. ಬೈಗುಳ ಇತ್ತು ಎಂದಮೇಲೆ, ಜಗಳವಾಡಿ ಬೇರೆಯಾದ ಇವರಿಬ್ಬರೂ ಮತ್ತೆ ಸೇರುತ್ತಾರೆಂಬ ಸುದ್ದಿ ನಿಜವೇ ಇರಬೇಕು ಎಂದುಕೊಂಡೆ.

ಇಂದು ಇಲ್ಲಿ ಬ್ಯಾಂಕ್ ರಜೆ, ಊರಿನಲ್ಲಿ ಗೋಕುಲಾಷ್ಟಮಿ. ಅಕ್ಕನಿಗೆ ಫೋನು ಮಾಡಿದರೆ ಅವಳು ಚಕ್ಕುಲಿ ಒತ್ತುತ್ತಿದ್ದಳು. ಕೈಯೆಲ್ಲ ಹಿಟ್ಟು ಎಂದು ಫೋನನ್ನು ಭಾವನಿಗೆ ಕೊಟ್ಟಳು. ಒಯಾಸಿಸ್ ಎಂಬ ಹೆಸರನ್ನು ನನಗೆ ಮೊದಲು ಹೇಳಿದವರೇ ಭಾವ. ಅವರು ಬೆಂಗಳೂರಿನ ಹಾಸ್ಟೆಲಿನಲ್ಲಿ ತಿರುಗಿಸಿ ತಿರುಗಿಸಿ ಕೇಳಿದ ಕ್ಯಾಸೆಟ್ಟು ಮದುವೆಯಾದ ಮೇಲೆ ನನ್ನ ಕೈಗೆ ಬಂದಿತ್ತು. ಹಾಗಾಗಿ ಅವರು ಕುಣಿದಾಡುತ್ತಿರುತ್ತಾರೆಂದೇ ನಾನು ಭಾವಿಸಿದ್ದೆ.

“ಬೇಡ ಕಣೋ, ಇವರು ಸೇರಬಾರದು,” ಎಂದರು.

ಭಾವ ಈ ಮಾತನ್ನು ಹಗುರವಾಗಿ ಆಡುವವರಲ್ಲ. ಅಡಿಕೆ ತೋಟದ ಪಾಲಿನ ವಿಷಯದಲ್ಲಿ ಅವರೂ ಅವರ ಅಣ್ಣನೂ ಮಾತು ಬಿಟ್ಟು ಎಷ್ಟು ಕಾಲವಾಯಿತೆಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. “ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅಂತ ಸುಮ್ಮನೆ ಹೇಳಿಲ್ಲ. ಒಂದು ಸಲ ಬೇರೆಯಾದ ಮೇಲೆ ಅದರಲ್ಲೂ ಒಂದು ನೆಮ್ಮದಿ ಇರುತ್ತೆ, ಅದು ಹೊರಗಿನವರಿಗೆ ಕಾಣಲ್ಲ. ಜನಕ್ಕೆ ಬೇಕಾಗಿರೋದು ಹಾಡಲ್ಲ, ಇವತ್ತು ಹೊಡೆದಾಡ್ತಾರೋ ನಾಳೆ ಹೊಡೆದಾಡ್ತಾರೋ ಅಂತ ನೋಡೋದು,” ಎಂದರು.

ಇದನ್ನು ಸುಳ್ಳೆನ್ನಲು ನನ್ನಿಂದಾಗಲಿಲ್ಲ, ಏಕೆಂದರೆ ಆ ಜಗಳ ಮೊದಲಿನಿಂದಲೂ ಮಾರಾಟದ ಸರಕೇ ಆಗಿತ್ತು. 1994ರಲ್ಲಿ ಆಮ್‌ಸ್ಟರ್‌ಡ್ಯಾಮಿಗೆ ಹೊರಟ ಹಡಗಿನಲ್ಲಿ ಲಿಯಮ್ ಮತ್ತು ಸಂಗಡಿಗರು ಗಲಾಟೆ ಮಾಡಿ ವಾಪಸ್ಸು ಅಟ್ಟಿಸಿಕೊಂಡಾಗ, ಅದು ರಾಕ್ ಸಂಗೀತಗಾರನಿಗೆ ಭೂಷಣವೆಂದು ತಮ್ಮನೂ, ಹಾಡಲು ಹೋದವನು ಹಾಡದೆ ಬಂದರೆ ನಾಚಿಕೆಗೇಡೆಂದು ಅಣ್ಣನೂ ಪತ್ರಕರ್ತನೊಬ್ಬನ ಎದುರೇ ಕಚ್ಚಾಡಿದರು. ಆ ಧ್ವನಿಮುದ್ರಣವನ್ನೇ ಮರುವರ್ಷ ಸಿಂಗಲ್ ಎಂಬ ಒಂಟಿ ಧ್ವನಿಮುದ್ರಿಕೆಯಾಗಿ ಮಾರಿದಾಗ ಅದು ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ 52ನೇ ಸ್ಥಾನದವರೆಗೆ ಹೋಯಿತು. ಒಂದು ಸ್ವರವೂ ಇಲ್ಲದ, ಬರೀ ಬೈಗುಳದ ತಟ್ಟೆ! ವೇಲ್ಸ್‌ನ ರಾಕ್‌ಫೀಲ್ಡ್ ಸ್ಟುಡಿಯೊದಲ್ಲಿ ಎರಡನೆಯ ಆಲ್ಬಮ್ ಧ್ವನಿಮುದ್ರಿಸುವಾಗ ಲಿಯಮ್ ಪಬ್ಬಿನಿಂದ ಜನರನ್ನು ಕಟ್ಟಿಕೊಂಡು ಬಂದುದಕ್ಕೆ ನೋಯಲ್ ಕ್ರಿಕೆಟ್ ಬ್ಯಾಟಿನಿಂದ ಬಾರಿಸಿದ ಕಥೆಯನ್ನು ಇಲ್ಲಿನವರು ಇಂದಿಗೂ ಸೆಹ್ವಾಗನ ಸಿಕ್ಸರನ್ನು ನಾವು ಹೇಳುವ ಹುರುಪಿನಲ್ಲಿಯೇ ಹೇಳುತ್ತಾರೆ. 2009ರ ಆಗಸ್ಟ್ 28ರಂದು ಪ್ಯಾರಿಸ್ಸಿನ ವೇದಿಕೆಯ ಹಿಂದೆ ನಡೆದ ಜಗಳದಲ್ಲಿ ನೋಯಲ್‌ನ ಗಿಟಾರು ಮುರಿದುಹೋಗಿ, ಅವನು ತಂಡ ಬಿಟ್ಟು ಹೊರನಡೆದದ್ದಂತೂ ಎಲ್ಲರಿಗೂ ಬಾಯಿಪಾಠವಾಗಿದೆ. ಬರುವ ಬುಧವಾರಕ್ಕೆ ಅದಕ್ಕೆ ಹದಿನೈದು ವರ್ಷ. ಅದರ ಮರುದಿನ ಮೊದಲ ಆಲ್ಬಮ್ಮಿಗೆ ಮೂವತ್ತು. ನಾಳೆಯ ಘೋಷಣೆಯನ್ನು ಈ ವಾರಕ್ಕೇ ಇಟ್ಟುಕೊಂಡವರ ವ್ಯಾಪಾರಬುದ್ಧಿಯನ್ನು ಮೆಚ್ಚಬೇಕು.

ಆದರೂ ನಾನು ಭಾವನಿಗೆ ಹೇಳಿದ್ದು ಬೇರೆ. ಇವರ ನಡುವೆ ಆದ ಪಾಲು ಸರಿಯಾದ ಪಾಲೇ ಅಲ್ಲ: ಹೊಲ ಒಬ್ಬನಿಗೆ ಹೋಯಿತು, ಬಾವಿ ಇನ್ನೊಬ್ಬನಿಗೆ ಹೋಯಿತು. ಮೊದಲ ಮೂರು ಆಲ್ಬಮ್ಮುಗಳ ಹಾಡುಗಳನ್ನೆಲ್ಲ ಬರೆದವನು ನೋಯಲ್. ತಮ್ಮನ ಒಂದು ಹಾಡಿಗೆ ಆಲ್ಬಮ್ಮಿನಲ್ಲಿ ಜಾಗ ಸಿಕ್ಕಿದ್ದು 2000ದಲ್ಲಿ. ಹಾಡು ಬರೆದುದರ ಕೃತಿಸ್ವಾಮ್ಯದ ಆದಾಯ ಬರೆದವನಿಗೆ ಜೀವನಪರ್ಯಂತ ಬರುತ್ತದೆ, ಹಾಡಿದವನಿಗೆ ಅದರಲ್ಲಿ ಪಾಲಿಲ್ಲ. ಆದರೆ ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿ, ತನ್ನ ಬಾಯಿಗಿಂತ ಎತ್ತರದಲ್ಲಿರುವ ಮೈಕಿಗೆ ಗದ್ದ ಎತ್ತಿ, ಪ್ರತಿ ಸಾಲಿನ ಕೊನೆಯ ಸ್ವರವನ್ನು ಎಳೆದು ಎಳೆದು ಗಂಟಲಿನಲ್ಲಿಯೇ ಜಜ್ಜಿ ಹೊರಬಿಡುವ ಲಿಯಮ್ ಇಲ್ಲದಿದ್ದರೆ ಆ ಸಾಹಿತ್ಯಕ್ಕೆ ಅಂತಹ ತೂಕವೇನೂ ಇಲ್ಲ. ನೋಯಲ್‌ನ ಅರ್ಧದಷ್ಟು ಸಾಲುಗಳಿಗೆ ಅರ್ಥವಿದೆಯೇ ಎಂದು ಕೇಳಿದರೆ ಅವನ ಪರಮಭಕ್ತರೂ ತಡವರಿಸುತ್ತಾರೆ. ಬೇರೆಯಾದ ಮೇಲೆ ನೋಯಲ್ ಅಚ್ಚುಕಟ್ಟಾದ ಹಾಡುಗಳನ್ನು ಮಾಡಿದ, ಲಿಯಮ್ 2022ರಲ್ಲಿ ನೆಬ್‌ವರ್ತ್ ಮೈದಾನವನ್ನು ಒಬ್ಬನೇ ತುಂಬಿಸಿದ. ಆದರೆ ಅಲ್ಲಿ ಸೇರಿದ ಜನ ಕಾದದ್ದು ಅಣ್ಣನ ಹಾಡುಗಳಿಗೇ. 1996ರಲ್ಲಿ ಅದೇ ಮೈದಾನದಲ್ಲಿ ಇಬ್ಬರೂ ಒಟ್ಟಿಗೆ ಹಾಡಿದ ಎರಡು ರಾತ್ರಿಗಳಿಗೆ ಎರಡೂವರೆ ಲಕ್ಷ ಟಿಕೆಟ್ಟುಗಳಿದ್ದರೆ, ಬೇಕೆಂದು ಕೇಳಿದವರು 25 ಲಕ್ಷಕ್ಕೂ ಹೆಚ್ಚು.

ಭಾವ ಅಮೆರಿಕದ ಹಾಡುಗಾರ ಜೋಡಿಯಾದ ಎವರ್ಲಿ ಸಹೋದರರ ಹೆಸರೆತ್ತಿದರು. 1973ರ ಜುಲೈನಲ್ಲಿ ಫಿಲ್ ಎವರ್ಲಿ ಕ್ಯಾಲಿಫೋರ್ನಿಯದ ವೇದಿಕೆಯಲ್ಲಿಯೇ ಗಿಟಾರನ್ನು ಒಡೆದು ಹೊರಟುಹೋದ, ಹತ್ತು ವರ್ಷದ ನಂತರ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಅಣ್ಣನೊಂದಿಗೆ ಮತ್ತೆ ಹಾಡಿದ, ಅಷ್ಟಾದರೂ ಕೊನೆಗಾಲದಲ್ಲಿ ಇಬ್ಬರೂ ದೂರವೇ ಉಳಿದರು. ಅಂದಮೇಲೆ ಸೇರಿದ್ದರಿಂದ ಏನು ಬಂತು ಎಂಬುದು ಅವರ ವಾದ. ಹಾಡು ಬಂತಲ್ಲ ಭಾವ, ಎಂದೆ. ಅಮೆರಿಕದ್ದೇ ಆದ ಕ್ರೀಡೆನ್ಸ್ ಎಂಬ ರಾಕ್ ತಂಡದ ಟಾಮ್ ಫೋಗರ್ಟಿ 1990ರಲ್ಲಿ ತೀರಿಕೊಂಡಾಗ ತಮ್ಮ ಜಾನ್‌ನೊಂದಿಗಿನ ಮನಸ್ತಾಪ ಮುಗಿದಿರಲಿಲ್ಲ. ಅಲ್ಲಿ ಮನಸ್ಸೂ ಕೂಡಲಿಲ್ಲ, ಹಾಡೂ ಕೂಡಲಿಲ್ಲ. ಅದಕ್ಕಿಂತ ಇದು ಮೇಲಲ್ಲವೇ? ಭಾವ ಏನೂ ಹೇಳಲಿಲ್ಲ. ನಾನು ಹಾಡಿನ ಮಾತನ್ನಷ್ಟೇ ಆಡಿದ್ದೆ, ಆದರೂ ಅದು ತೋಟದವರೆಗೆ ಹೋಗಿ ಮುಟ್ಟಿತೇನೋ.

ಅಷ್ಟರಲ್ಲಿ ಕೈ ತೊಳೆದುಕೊಂಡು ಬಂದ ಅಕ್ಕ ಫೋನು ಕಸಿದುಕೊಂಡು, “ಅವರಮ್ಮ ಇದ್ದಾರಾ? ಅವರೇನಂತಾರೆ?” ಎಂದಳು.

ಇದ್ದಾರೆ. ಪೆಗಿ ಅಯರ್ಲೆಂಡಿನ ಮೇಯೊ ಪ್ರಾಂತ್ಯದಿಂದ ಬಂದವರು, ಗಂಡನ ಹೊಡೆತ ತಾಳಲಾರದೆ ಮೂವರು ಗಂಡುಮಕ್ಕಳನ್ನು ಕರೆದುಕೊಂಡು ಮನೆ ಬಿಟ್ಟು, ನಮ್ಮ ಮನೆಗೆ ದೂರವೇನೂ ಇಲ್ಲದ ಈ ಬರ್ನೇಜಿನಲ್ಲಿಯೇ ಅವರನ್ನು ಬೆಳೆಸಿದವರು. ಅಪ್ಪನ ಏಟು ಹಿರಿಯರಿಬ್ಬರಾದ ಪಾಲ್ ಮತ್ತು ನೋಯಲ್ ಮೇಲೆ ಬಿತ್ತು, ಕಿರಿಯನ ಮೇಲೆ ಬೀಳಲಿಲ್ಲ. ಐದು ವರ್ಷದ ಅಂತರದಲ್ಲಿ ಒಂದೇ ಕೋಣೆಯಲ್ಲಿ ಮಲಗಿದ ಇಬ್ಬರು ಹುಡುಗರು ಕಂಡ ಮನೆ ಒಂದೇ ಆಗಿರಲಿಲ್ಲವೆಂಬುದು ನನಗೆ ಬ್ಯಾಟಿನ ಕಥೆಗಿಂತ ಮುಖ್ಯವಾಗಿ ತೋರುತ್ತದೆ. ಲಿಯಮ್ ಹೇಳುವ ಕಾರಣ ಬೇರೆಯೇ: ಒಂದು ರಾತ್ರಿ ಕುಡಿದು ಬಂದು, ಕತ್ತಲಲ್ಲಿ ದೀಪದ ಸ್ವಿಚ್ಚು ಸಿಗದೆ, ಅಣ್ಣ ಹೊಸದಾಗಿ ತಂದಿದ್ದ ಸ್ಟೀರಿಯೊ ಮೇಲೆಯೇ ಮೂತ್ರ ಮಾಡಿದ್ದನಂತೆ, ಎಲ್ಲವೂ ಅಲ್ಲಿಂದಲೇ ಶುರುವಂತೆ. ಅಕ್ಕ ಬಿದ್ದು ಬಿದ್ದು ನಕ್ಕಳು. “ಆ ಸ್ಟೀರಿಯೊ ಒರೆಸಿದ್ದು ಯಾರು, ಅದನ್ನು ಹೇಳು,” ಎಂದಳು.

ಮಧ್ಯಾಹ್ನ ಫಾಗ್ ಲೇನ್ ಕಡೆ ಹೋಗಿದ್ದೆ. ಆ ಹುಡುಗರು ಹಾಡಿನ ತಟ್ಟೆ ಕೊಳ್ಳುತ್ತಿದ್ದ, ಅವರ ಹಾಡೊಂದರಲ್ಲಿ ಹೆಸರೂ ಬಂದುಹೋಗುವ ಸಿಫ್ಟರ್ಸ್ ಅಂಗಡಿಯ ಮುಂದೆ ಯಾರೋ ಇಬ್ಬರು ಹರೆಯದ ಹುಡುಗಿಯರು ನಿಂತು ಚಿತ್ರ ತೆಗೆಸಿಕೊಳ್ಳುತ್ತಿದ್ದರು. ತಂಡ ಒಡೆದಾಗ ಅವರಿಗೆ ಶಾಲೆಗೆ ಹೋಗುವ ವಯಸ್ಸೂ ಆಗಿದ್ದಿರಲಾರದು. 2017ರಲ್ಲಿ ಮ್ಯಾಂಚೆಸ್ಟರಿನಲ್ಲಿ ನಡೆದ ಬಾಂಬ್ ದಾಳಿಯ ನಂತರ ಸೇಂಟ್ ಆ್ಯನ್ಸ್ ಚೌಕದಲ್ಲಿ ಮೌನಾಚರಣೆ ಮುಗಿದಾಗ ಗುಂಪಿನೊಳಗಿಂದ ಒಬ್ಬ ಹೆಂಗಸು ಶುರುಮಾಡಿ ಎಲ್ಲರೂ ದನಿಗೂಡಿಸಿದ್ದು ನೋಯಲ್‌ನ ‘ಡೋಂಟ್ ಲುಕ್ ಬ್ಯಾಕ್ ಇನ್ ಆ್ಯಂಗರ್’ ಹಾಡಿಗೆ. ಈ ಊರಿನದೇ ಆಗಿಹೋದ ಹಾಡುಗಳನ್ನು ಮಾಡಿದವರು ಒಂದು ಬೇಸಗೆ ಒಟ್ಟಿಗೆ ನಿಂತು ಹಾಡಲಿ ಎಂದು ಆಸೆಪಡುವುದು ಅತಿಯೆಂದು ನನಗೆ ಅನ್ನಿಸುವುದಿಲ್ಲ. ಮನೆಗೆ ಹೋಗಿ ಒಂದೇ ಮೇಜಿನಲ್ಲಿ ಊಟ ಮಾಡಲಿ ಎಂದು ನಾನು ಕೇಳುವುದಿಲ್ಲ, ಅದು ಪೆಗಿಯವರಿಗೆ ಬಿಟ್ಟದ್ದು. ಹೊಸ ಆಲ್ಬಮ್ಮೂ ಬೇಡ. ಸ್ಟುಡಿಯೊ ಎಂದರೆ ಮತ್ತೆ ಯಾರ ಹಾಡು, ಯಾರ ಮಾತು ನಡೆಯಬೇಕು ಎಂಬ ತಕರಾರು. ಹಳೆಯ ಹಾಡುಗಳಲ್ಲಿ ಆ ತಕರಾರು ತೀರಿಹೋಗಿದೆ.

ಎಲ್ಲಿ ಹಾಡುತ್ತಾರೆಂದರೆ ಪತ್ರಿಕೆಗಳು ಲಂಡನ್ನಿನ ವೆಂಬ್ಲಿ ಎನ್ನುತ್ತಿವೆ, ಇಲ್ಲಿನ ಹೀಟನ್ ಪಾರ್ಕ್ ಎನ್ನುತ್ತಿವೆ. ನನಗೆ ಈಗ ಕಾಡುತ್ತಿರುವುದು ಉಳಿದವರು ಯಾರು ಎಂಬುದು. ಅಣ್ಣ-ತಮ್ಮ ಬೇರೆಯಾದಂತೆ ಹಳೆಯ ಸಂಗಡಿಗರೂ ಹಂಚಿಹೋಗಿದ್ದಾರೆ: ಗಿಟಾರು ನುಡಿಸುವ ಇಬ್ಬರಲ್ಲಿ ಗೆಮ್ ಆರ್ಚರ್ ನೋಯಲ್ ಕಡೆ, ಬೋನ್‌ಹೆಡ್ ಲಿಯಮ್ ಕಡೆ. ಒಬ್ಬನನ್ನು ಬಿಟ್ಟರೆ ಆ ಕಡೆಯವನಿಗೆ ಮುನಿಸು, ಇಬ್ಬರನ್ನೂ ಕರೆದರೆ ನೋಯಲ್‌ನದೂ ಸೇರಿ ಮೂರು ಗಿಟಾರು. ‘ಆಕ್ವಿಯೆಸ್’ ಹಾಡಿಗೆ ಮೂರು ಗಿಟಾರು ಹೆಚ್ಚೇನಲ್ಲ, ಅದರಲ್ಲಿ ಚರಣ ತಮ್ಮನದು, ಪಲ್ಲವಿ ಅಣ್ಣನದು, ಅಷ್ಟು ಗದ್ದಲ ಅದಕ್ಕೆ ಬೇಕು. ಆದರೆ ಡ್ರಮ್ಸಿಗೆ ಯಾರನ್ನು ಕೂರಿಸುತ್ತಾರೆ, ಅದನ್ನಾದರೂ ಇಬ್ಬರೂ ಕೂತು ಮಾತಾಡಿ ತೀರ್ಮಾನಿಸಿರಬೇಕಲ್ಲ, ಅಥವಾ ಅದಕ್ಕೂ ಮ್ಯಾನೇಜರುಗಳೇ