ಕೋಲು ಸೊಂಟಕ್ಕೆ, ಕೈಗೆ ಕೈ

ಬೈಲಕುಪ್ಪೆಗೆ ಈಗ ಜನ ಗೋಲ್ಡನ್ ಟೆಂಪಲ್ ನೋಡೋಕೆ ಬರುತ್ತಾರೆ. ಮೊಮೊ ತಿಂದು, ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಸುತ್ತಲಿನ ಹಳ್ಳಿಗಳಿಂದ ಶಾಲೆಗೆ ಬರುತ್ತಿದ್ದ ನಮಗೆ ಅದು ಬರೀ ‘ಕ್ಯಾಂಪ್’. ಟಿಬೆಟಿನವರು 1960ರ ದಶಕದ ಶುರುವಿನಲ್ಲೇ ಬಂದು ನೆಲೆಸಿದವರು. ನಾವು ಹುಟ್ಟುವ ಮೊದಲಿಂದಲೂ ನೆರೆಹೊರೆ. ಆದರೂ ಕ್ಯಾಂಪಿನ ಮಕ್ಕಳಿಗೂ ನಮಗೂ ಮಾತು ಕಡಿಮೆ, ಫುಟ್‌ಬಾಲ್ ಮೈದಾನದಲ್ಲಿ ಜಗಳ ಜಾಸ್ತಿ. “ಅವರಿಗೆ ಜಮೀನು ಕೊಟ್ಟರು, ನಮಗೇನು ಕೊಟ್ಟರು?” ಅನ್ನೋ ಮಾತು ಮನೆಗಳಲ್ಲಿ ಕೇಳುತ್ತಿತ್ತು. ಮಕ್ಕಳು ಅದನ್ನೇ ಮೈದಾನಕ್ಕೆ ಹೊತ್ತು ತರುತ್ತಿದ್ದರು.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ನಮ್ಮ ಡ್ರಾಯಿಂಗ್ ಮೇಷ್ಟ್ರು ಕ್ಯಾಂಪಿನ ಶಾಲೆಯ ಡಾನ್ಸ್ ಟೀಚರ್ ಜೊತೆ ಮಾತಾಡಿಕೊಂಡು ಬಂದರು. ದಲೈ ಲಾಮಾ ಅವರು 1989ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಸ್ವೀಕರಿಸಿದ್ದು ಡಿಸೆಂಬರ್ 10ರಂದು. ಪ್ರತಿ ವರ್ಷ ಆ ದಿನ ಟಿಬೆಟಿನವರಿಗೆ ಹಬ್ಬ. ಆ ಸಲ ಎರಡೂ ಶಾಲೆಯ ಮಕ್ಕಳು ಸೇರಿ ಕುಣಿಯಬೇಕು ಅಂತ ತೀರ್ಮಾನವಾಗಿತ್ತು. ನಮ್ಮದು ಕೋಲಾಟ, ಅವರದು ಗೋರ್‌ಶೇ.

ಗೋರ್‌ಶೇ ಅಂದರೆ ದುಂಡಗೆ ನಿಂತು, ಅಕ್ಕಪಕ್ಕದವರ ಕೈ ಹಿಡಿದು, ನೆಲಕ್ಕೆ ಕಾಲು ತಟ್ಟಿ ಕುಣಿಯೋದು. ಕೋಲಾಟವೂ ದುಂಡಗೇ ಅಲ್ವಾ? ಆದರೆ ಕೋಲಾಟದವರಿಗೆ ಎರಡೂ ಕೈಯಲ್ಲಿ ಕೋಲು. ಕೈ ಹಿಡಿಯೋದು ಹೇಗೆ? ಮೇಷ್ಟ್ರು ತಲೆ ಕೆರೆದುಕೊಳ್ಳುತ್ತಿರುವಾಗ ಕ್ಯಾಂಪಿನ ಹುಡುಗಿಯೊಬ್ಬಳು ತಾನು ತೊಟ್ಟಿದ್ದ ಚುಪಾದ (ಟಿಬೆಟಿನವರ ಉದ್ದ ನಿಲುವಂಗಿ) ಸೊಂಟಪಟ್ಟಿಗೆ ಕೋಲೆರಡನ್ನೂ ಸಿಕ್ಕಿಸಿ ಕೈ ಚಾಚಿದಳು. ಅಷ್ಟೇ! ನಮ್ಮ ಹುಡುಗರು ಪಂಚೆಯ ಮೇಲೆ ಟವೆಲ್ ಬಿಗಿದರು. ಹಾಡು ಬದಲಾದ ಕೂಡಲೇ ಕೋಲು ಸೊಂಟಕ್ಕೆ, ಕೈಗೆ ಕೈ.

“ನಿಮ್ಮೂರೋರ ಪಕ್ಕ ನಿಮ್ಮೂರೋರು ನಿಲ್ಲಂಗಿಲ್ಲ” ಅಂತ ಮೇಷ್ಟ್ರ ಕಟ್ಟಪ್ಪಣೆ. ಮೈದಾನದಲ್ಲಿ ಕಾಲರ್ ಹಿಡಿದಿದ್ದವರೇ ಎದುರುಬದುರು ನಿಂತರು. ಮೊದಲ ದಿನ ಸಿಟ್ಟಿನಲ್ಲೇ ಹೊಡೆದರು. ಆದರೆ ಕೋಲಾಟದಲ್ಲಿ ಸಿಟ್ಟು ನಡೆಯೋಲ್ಲ. ಜೋರಾಗಿ ಬೀಸಿದರೆ ಇಬ್ಬರ ಬೆರಳಿಗೂ ಪೆಟ್ಟು, ಎದುರಿನವನ ಕಣ್ಣು ನೋಡದಿದ್ದರೆ ತಾಳ ತಪ್ಪುತ್ತೆ. ವಾರ ಕಳೆಯೋದರೊಳಗೆ ಕೋಲಿನ ಸದ್ದು ಹದಕ್ಕೆ ಬಂತು.

ಕೋಲಾಟದಲ್ಲಿ ನನ್ನ ಜೋಡಿಯಾಗಿದ್ದ ಕ್ಯಾಂಪಿನ ಹುಡುಗಿಯ ಅಜ್ಜಿ ಪ್ರಾಕ್ಟೀಸ್ ನೋಡೋಕೆ ಬರುತ್ತಿದ್ದರು. ಸಂತೆಯಲ್ಲಿ ಕಲಿತ ಕನ್ನಡದಲ್ಲೇ ಹಳೆಯದನ್ನೆಲ್ಲ ಹೇಳುತ್ತಿದ್ದರು. ಹಿಮಾಲಯ ದಾಟಿ ಬಂದದ್ದು. ಇಲ್ಲಿ ಕಾಡು ಕಡಿದು ನೆಲ ಹಸನು ಮಾಡಿದ್ದು. ರಾತ್ರಿ ಆನೆ ನುಗ್ಗಿದರೆ ತಗಡು ಬಡಿದು ಜೋಳದ ಹೊಲ ಕಾದದ್ದು. ಆನೆ ಕಾಟ ನಮ್ಮ ಮನೆಯ ಕಥೆಯೂ ಹೌದು. ಅಂದು ಮನೆಗೆ ಹೋಗಿ ತಾತನಿಗೆ ಹೇಳಿದೆ. ಜಮೀನಿನ ಮಾತು ಬಂದಾಗಲೆಲ್ಲ ಗೊಣಗುತ್ತಿದ್ದ ತಾತ, “ಹಂಗಾದ್ರೆ ಆಯಮ್ಮನೂ ನಮ್ಮಂಗೇ ನಿದ್ದೆಗೆಟ್ಟೋಳು” ಅಂದರು. ಡಿಸೆಂಬರ್ 10ಕ್ಕೆ ಬಂದು ಮುಂದಿನ ಸಾಲಿನಲ್ಲೇ ಕೂತರು.

ಆ ಕುಣಿತ ನಾನು ಶಾಲೆ ಬಿಟ್ಟ ಮೇಲೆ ನಿಂತುಹೋಯಿತಂತೆ. ಈ ಡಿಸೆಂಬರಿಗೆ ಮತ್ತೆ ಶುರು ಮಾಡೋಣ. ಹೆಜ್ಜೆಗಳೆಲ್ಲ ನನಗೆ ನೆನಪಿವೆ. ನನ್ನ ಜೋಡಿಯೂ ಈಗ ಕ್ಯಾಂಪಿನಲ್ಲೇ ಇದ್ದಾಳೆ, ಕಲಿಸೋಕೆ ಬರ್ತೀನಿ ಅಂದಿದ್ದಾಳೆ. ಎರಡೂ ಶಾಲೆಯವರು ಶನಿವಾರ ಮಧ್ಯಾಹ್ನ ಮಕ್ಕಳನ್ನು ಬಿಟ್ಟುಕೊಟ್ಟರೆ ಸಾಕು.