ಬೆವರಿನ ಉಪ್ಪು ಮತ್ತು ಐದು ಡಿಗ್ರಿ ಬಿಸಿಲು

ವಿಜಯಪುರ, 6 ಮೇ 2025, ಮಂಗಳವಾರ

ನನ್ನ ಪಿಎಚ್.ಡಿ. ಸಂಶೋಧನೆ ಮುಂಗೈಗೆ ಅಂಟಿಸುವ ಒಂದು ತೆಳುವಾದ ಪಟ್ಟಿಯ ಕುರಿತದ್ದು. ಸಿಲಿಕೋನ್ ರಬ್ಬರಿನ ಆ ಪಟ್ಟಿಯ ಮೇಲೆ ಚಿನ್ನದ ಬಿಲ್ಲೆಗಳ ಸಾಲುಗಳಿವೆ. ಒಂದೊಂದು ಬಿಲ್ಲೆಯ ಅಗಲ ಸುಮಾರು 150 ನ್ಯಾನೋಮೀಟರ್. ನಿರ್ದಿಷ್ಟ ತರಂಗಾಂತರದ ಬೆಳಕು ಬಿದ್ದಾಗ ಚಿನ್ನದೊಳಗಿನ ಎಲೆಕ್ಟ್ರಾನ್‌ಗಳು ಒಟ್ಟಾಗಿ ಕಂಪಿಸುತ್ತವೆ; ಬಿಲ್ಲೆಯನ್ನು ಆವರಿಸಿದ ದ್ರವದ ವಕ್ರೀಭವನ ಸೂಚ್ಯಂಕ (ಅದು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ) ಬದಲಾದರೆ ಆ ತರಂಗಾಂತರವೂ ಸರಿಯುತ್ತದೆ. ಬಿಸಿಲಿನಲ್ಲಿ ದುಡಿಯುವವರ ದೇಹದಿಂದ ಎಷ್ಟು ಉಪ್ಪು ಬೆವರಾಗಿ ಹೋಗುತ್ತಿದೆ ಎಂಬುದನ್ನು ಈ ಸರಿತದಿಂದ ತಿಳಿಯಬೇಕೆಂಬುದು ನನ್ನ ಉದ್ದೇಶ.

ಲೆಕ್ಕ ಬಹಳ ಸೂಕ್ಷ್ಮವಾದದ್ದು. ಒಂದು ಲೀಟರ್ ಬೆವರಿನಲ್ಲಿ ಮೂರು ಗ್ರಾಂ ಉಪ್ಪಿದೆ ಎಂದಿಟ್ಟುಕೊಂಡರೆ, ಅದರಿಂದ ನೀರಿನ ವಕ್ರೀಭವನ ಸೂಚ್ಯಂಕ 1.333ರಿಂದ ಏರುವುದು ಸುಮಾರು 0.0005ರಷ್ಟು ಮಾತ್ರ; ನನ್ನ ಬಿಲ್ಲೆಗಳಲ್ಲಿ ಅದು 0.1 ನ್ಯಾನೋಮೀಟರ್‌ನಷ್ಟು ಸರಿತವಾಗಿ ಕಾಣಿಸುತ್ತದೆ. ಆದರೆ ನೀರು ಬಿಸಿಯಾದಾಗ ಅದೇ ಸೂಚ್ಯಂಕ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.0001ರಂತೆ ಇಳಿಯುತ್ತದೆ. ಅಂದರೆ ಪಟ್ಟಿಯ ಉಷ್ಣತೆ ಐದು ಡಿಗ್ರಿ ಏರಿದರೆ ಉಪ್ಪಿನ ಸಂಕೇತವೆಲ್ಲ ಅಳಿಸಿಹೋಗಿ, ಬೆವರಿನಲ್ಲಿ ಉಪ್ಪೇ ಇಲ್ಲವೆಂದು ಉಪಕರಣ ಹೇಳಬಹುದು. 25 ಡಿಗ್ರಿಯಲ್ಲಿ ಹವಾನಿಯಂತ್ರಿತವಾದ ಪ್ರಯೋಗಾಲಯದಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ. ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವ ನಮ್ಮ ಜಿಲ್ಲೆಯಲ್ಲಿ ಇದೇ ಮೊದಲ ಪ್ರಶ್ನೆ.

ಆದ್ದರಿಂದ ಇಂದು ತಿಕೋಟಾ ಕಡೆಯ ಒಂದು ದ್ರಾಕ್ಷಿ ತೋಟಕ್ಕೆ ಹೋಗಿ, ಬಿಲ್ಲೆಗಳಿಲ್ಲದ, ಉಷ್ಣತಾಮಾಪಕ ಮಾತ್ರ ಇರುವ ಪಟ್ಟಿಗಳನ್ನು ಕೆಲಸಗಾರರ ಮುಂಗೈಗೆ ಅಂಟಿಸಿದೆವು. ಇದಕ್ಕೆ ಸಂಶೋಧನಾ ನೈತಿಕತಾ ಸಮಿತಿಯ ಒಪ್ಪಿಗೆ ಮೊದಲೇ ದೊರೆತಿದೆ; ಒಪ್ಪಿಗೆ ಪತ್ರವನ್ನು ಪ್ರತಿಯೊಬ್ಬರಿಗೂ ಕನ್ನಡದಲ್ಲಿ ಓದಿ ಹೇಳಿದ ಬಳಿಕವೇ ಅಂಟಿಸಿದ್ದು. ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಮುಗಿದು ಹೊಸ ಚಿಗುರು ತೆಗೆಯುವ ಕೆಲಸ ನಡೆದಿತ್ತು. ಕೈ ಮೇಲೆತ್ತಿ ಬಳ್ಳಿಯ ಕಡೆ ಚಾಚಿದಾಗ ಪಟ್ಟಿಯ ಮೇಲೆ ನೇರ ಬಿಸಿಲು, ಇಳಿಸಿದಾಗ ಎಲೆಯ ನೆರಳು. ಕೆಲವೇ ನಿಮಿಷಗಳಲ್ಲಿ ಆರು ಡಿಗ್ರಿಯವರೆಗೂ ಏರಿಳಿತ ಕಂಡಿತು. ಹಿರಿಯ ಹೆಂಗಸೊಬ್ಬರು ಮುಂಗೈ ಒರೆಸಿಕೊಂಡು, “ಯವ್ವಾ ತಂಗಿ, ಇದರ ಬುಡಕ ಬೆವರು ನಿಂತರ ಅದು ಹೊರಗ ಹೋಗೂದು ಹ್ಯಾಂಗ?” ಎಂದು ಕೇಳಿದರು. ನನ್ನ ವಿನ್ಯಾಸ ಉತ್ತರಿಸಲೇಬೇಕಾದ ಪ್ರಶ್ನೆ ಅದು. ನಿಂತ ಬೆವರಿನ ನೀರು ಆರುತ್ತ ಹೋದಂತೆ ಉಪ್ಪಿನ ಸಾಂದ್ರತೆ ಏರುತ್ತದೆ, ಅಳತೆ ಸುಳ್ಳಾಗುತ್ತದೆ. ಹಳೆಯ ಬೆವರನ್ನು ಹೊಸ ಬೆವರು ತಳ್ಳಿಕೊಂಡು ಹೋಗುವಂತಹ ಕಿರುಗಾಲುವೆ ಇರಲೇಬೇಕೆಂದು ಅವರಿಗೆ ವಿವರಿಸಿದೆ.

ಬಿಸಿಲಿನ ರೂಢಿಯಿಲ್ಲದವರ ಬೆವರಿನ ಅಂಕಿಗಳನ್ನು ಇವರಿಗೆ ಅನ್ವಯಿಸಲೂ ಬರುವುದಿಲ್ಲ. ಬಿಸಿಲಿಗೆ ಒಗ್ಗಿದ ದೇಹದಲ್ಲಿ ಆಲ್ಡೋಸ್ಟೆರಾನ್ ಹಾರ್ಮೋನಿನ ಪ್ರಭಾವದಿಂದ ಬೆವರಿನ ನಾಳಗಳು ಹೆಚ್ಚು ಸೋಡಿಯಂ ಅನ್ನು ಮರಳಿ ಹೀರಿಕೊಳ್ಳುತ್ತವೆ. ಬೆವರುವ ವೇಗ ಹೆಚ್ಚಿದಾಗ ಹೀರಲು ಸಮಯ ಸಾಲದೆ ಉಪ್ಪು ಮತ್ತೆ ಹೆಚ್ಚು ಹೊರಬರುತ್ತದೆ. ಯಾರ ದೇಹವನ್ನು ನೋಡಿ ಉಪಕರಣ ಹೊಂದಿಸಲಾಗಿದೆ ಎಂಬುದು ಸಣ್ಣ ವಿಷಯವಲ್ಲ. ಚರ್ಮದ ಮೂಲಕ ಬೆಳಕು ಹಾಯಿಸಿ ರಕ್ತದ ಆಮ್ಲಜನಕವನ್ನು ಅಳೆಯುವ ಪಲ್ಸ್ ಆಕ್ಸಿಮೀಟರಿನ ಮೂಲತತ್ವವನ್ನು ಜಪಾನಿನ ತಕುವೊ ಅಯೋಯಾಗಿ 1974ರಲ್ಲಿ ಮಂಡಿಸಿದರು. ಆದರೆ ಅಮೆರಿಕದ ಕಪ್ಪು ವರ್ಣೀಯ ರೋಗಿಗಳಲ್ಲಿ ಆಮ್ಲಜನಕದ ಕೊರತೆ ಆ ಉಪಕರಣದ ಕಣ್ಣಿಗೆ ಬೀಳದೆ ಹೋಗುವ ಪ್ರಮಾಣ ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಎಂಬ ವರದಿ ವ್ಯಾಪಕ ಗಮನ ಸೆಳೆದದ್ದು 2020ರ ಡಿಸೆಂಬರಿನಲ್ಲಿ. ಇದನ್ನು ಓದಿದ ಮೇಲೆಯೇ ನಾನು ಬಿಲ್ಲೆಗಳನ್ನು ಹಸಿರು ಬೆಳಕಿನ ಬದಲು ಅವಗೆಂಪಿನ ಅಂಚಿಗೆ ಹೊಂದಿಸಿದ್ದು. ಅಲ್ಲಿ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಬೆಳಕನ್ನು ಕಡಿಮೆ ಹೀರುತ್ತದೆ.

ಉಷ್ಣತೆಯ ತೊಡಕಿಗೆ ಪಕ್ಕದಲ್ಲೇ ಇನ್ನೊಂದು ಬಿಲ್ಲೆಸಾಲು ಇಟ್ಟು, ಬೆವರು ತಾಗದಂತೆ ಮುಚ್ಚಿ, ಎರಡರ ವ್ಯತ್ಯಾಸ ತೆಗೆಯಬೇಕು. ಅದನ್ನು ಸಿಲಿಕೋನ್ ರಬ್ಬರಿನಿಂದಲೇ ಮುಚ್ಚುವುದು ಸುಲಭವಾದರೂ ಸರಿಯಲ್ಲ, ಏಕೆಂದರೆ ಬಿಸಿಗೆ ರಬ್ಬರಿನ ಸೂಚ್ಯಂಕ ನೀರಿನದಕ್ಕಿಂತ ಹಲವು ಪಟ್ಟು ವೇಗವಾಗಿ ಇಳಿಯುತ್ತದೆ. ಕಳೆದರೂ ದೋಷ ಉಳಿಯುತ್ತದೆ. ಗೊತ್ತಾದ ಪ್ರಮಾಣದ ಉಪ್ಪುನೀರನ್ನೇ ಒಂದು ಕಿರುಕೋಶದಲ್ಲಿ ತುಂಬಿ, ಅದರೊಳಗೆ ಆ ಸಾಲನ್ನು ಇಡಬೇಕೆಂದು ಸಂಜೆ ಮಾರ್ಗದರ್ಶಕರೊಂದಿಗೆ ಮಾತನಾಡಿ ನಿಶ್ಚಯಿಸಿದೆ. ಸಿಲಿಕೋನ್ ರಬ್ಬರಿನ ಮೂಲಕ ನೀರಿನ ಆವಿ ಸುಲಭವಾಗಿ ಹಾದುಹೋಗುವುದರಿಂದ ಕೋಶದ ನೀರು ಆರದಂತೆ ಪ್ಯಾರಿಲೀನ್ ಎಂಬ ಪ್ಲಾಸ್ಟಿಕ್ಕಿನ ಲೇಪನವೂ ಬೇಕಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ಕೇಂದ್ರದಲ್ಲಿ ಹೊರಗಿನ ಸಂಶೋಧಕರಿಗೂ ಅವಕಾಶವಿದ್ದು, ಹೊಸ ಬಿಲ್ಲೆಸಾಲಿನ ನಕ್ಷೆಯೊಂದಿಗೆ ಈ ವಾರವೇ ಅಲ್ಲಿಗೆ ಅರ್ಜಿ ಕಳುಹಿಸುತ್ತೇನೆ. ಲೇಪನದ ದಪ್ಪ ಎಷ್ಟಿದ್ದರೆ ಪಟ್ಟಿ ಬಾಗುವ ಗುಣ ಉಳಿಯುತ್ತದೆ ಎಂಬ ಲೆಕ್ಕವನ್ನು ಅದಕ್ಕೂ ಮೊದಲು ಮಾಡಿ ಮುಗಿಸಬೇಕು.