ಬೋರ್ಡನ್ನು ಬಲಗಡೆಯಿಂದ ಓದಲು ಶುರು ಮಾಡಿದ ಮೇಲೆ

ಸ್ಕ್ರಮ್ ಅಂದರೆ ಸಾಫ್ಟ್‌ವೇರ್ ತಂಡಗಳು ಕೆಲಸವನ್ನು ಚಿಕ್ಕ ಅವಧಿಗಳಲ್ಲಿ ಮಾಡಿ ಮುಗಿಸುವ ಒಂದು ಪದ್ಧತಿ; ಅದನ್ನು ಸರಿಯಾಗಿ ನಡೆಸಲು ತಂಡಕ್ಕೆ ನೆರವಾಗುವವರು ಸ್ಕ್ರಮ್ ಮಾಸ್ಟರ್. ನಾನು ಸ್ಕ್ರಮ್ ಮಾಸ್ಟರ್ ಆದ ಹೊಸತರಲ್ಲಿ ನಮ್ಮ ತಂಡದಲ್ಲಿ ಏಳು ಜನ ಇದ್ದರು. ಒಂದೊಂದು ಅವಧಿ, ಅಂದರೆ ಸ್ಪ್ರಿಂಟ್, ಎರಡು ವಾರದ್ದು. ಎಂಟನೇ ದಿನ, ಕೆಲಸದ ಕಾರ್ಡ್‌ಗಳು ಎಡದಿಂದ ಬಲಕ್ಕೆ ಸಾಗುವ ನಮ್ಮ ಬೋರ್ಡ್ ನೋಡಿದರೆ ಪ್ರತಿ ಸಲವೂ ಅದೇ ಕಥೆ. ಹನ್ನೊಂದು ಸ್ಟೋರಿ (ಒಂದೊಂದು ಕೆಲಸದ ತುಣುಕಿಗೆ ನಾವು ಕರೆಯುವ ಹೆಸರು) ಶುರುವಾಗಿರುತ್ತಿತ್ತು, ಮುಗಿದದ್ದು ಒಂದೋ ಎರಡೋ. ಕೊನೆಯ ಎರಡು ದಿನ ಎಲ್ಲವೂ ಒಟ್ಟಿಗೆ ಟೆಸ್ಟಿಂಗ್‌ಗೆ ಬಂದು ಬೀಳುತ್ತಿದ್ದವು. ಟೆಸ್ಟರ್‌ಗಳು ಇಬ್ಬರೇ. ರಾತ್ರಿ ಕೂತರೂ ಮುಗಿಯುತ್ತಿರಲಿಲ್ಲ.

ಯಾರೂ ಮೈಗಳ್ಳರಲ್ಲ. ಎಲ್ಲರ ಕೈತುಂಬಾ ಕೆಲಸ ಇತ್ತು, ತೊಂದರೆ ಇದ್ದದ್ದೇ ಅಲ್ಲಿ. ಒಂದು ಸ್ಟೋರಿಯ ಕೋಡ್ ರಿವ್ಯೂಗೆ (ಇನ್ನೊಬ್ಬರ ಪರಿಶೀಲನೆಗೆ) ಕಾಯುತ್ತಿದ್ದರೆ, ಸುಮ್ನೆ ಯಾಕೆ ಕೂರಬೇಕು ಎಂದು ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದರು. ರಿವ್ಯೂ ಮಾಡಬೇಕಾದವರೂ ಅದನ್ನೇ ಮಾಡುತ್ತಿದ್ದರು. ಹಾಗಾಗಿ ಎಲ್ಲರೂ ಎಲ್ಲರಿಗಾಗಿ ಕಾಯುತ್ತಿದ್ದರು.

ಮೊದಲು ಬದಲಿಸಿದ್ದು ತಂಡ ಬೆಳಗ್ಗೆ ನಿಂತೇ ನಡೆಸುವ ಚಿಕ್ಕ ಸಭೆ, ಅಂದರೆ ಸ್ಟ್ಯಾಂಡ್‌ಅಪ್. ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡ್ತೀನಿ, ಏನು ಅಡ್ಡಿ ಇದೆ ಎಂದು ಒಬ್ಬೊಬ್ಬರೂ ನನ್ನ ಮುಖ ನೋಡಿ ವರದಿ ಒಪ್ಪಿಸುತ್ತಿದ್ದರು. ಆ ಮೂರು ಪ್ರಶ್ನೆಗಳನ್ನು ಈ ಪದ್ಧತಿಯ ಅಧಿಕೃತ ಕೈಪಿಡಿ ಸ್ಕ್ರಮ್ ಗೈಡ್ 2020ರಲ್ಲಿ ತೆಗೆದೇ ಹಾಕಿತು. ಹದಿನೈದು ನಿಮಿಷದ ಮಿತಿ ಮಾತ್ರ ಹಾಗೇ ಇದೆ. ನಾವು ಜನರನ್ನು ಬಿಟ್ಟು ಬೋರ್ಡನ್ನು ಹಿಡಿದೆವು, ಅದೂ ಬಲಗಡೆಯಿಂದ. ಮುಗಿಯಲು ಹತ್ತಿರ ಇರುವ ಸ್ಟೋರಿ ಮೊದಲು. "ಇದು ಇವತ್ತು ಮುಗಿಯಬೇಕಾದರೆ ಯಾರು ಕೈ ಜೋಡಿಸ್ತೀರಿ?" ಇಷ್ಟೇ ಪ್ರಶ್ನೆ.

ಆಮೇಲೆ ಒಂದು ಮಿತಿ ಹಾಕಿಕೊಂಡೆವು: ಒಂದು ಸಲಕ್ಕೆ ನಾಲ್ಕೇ ಸ್ಟೋರಿ ನಡೆಯಬೇಕು. ಇದು ಸ್ಕ್ರಮ್‌ನದಲ್ಲ, ಒಟ್ಟಿಗೆ ನಡೆಯುವ ಕೆಲಸಕ್ಕೆ ಮಿತಿ ಹಾಕುವ ಕಾನ್ಬಾನ್ ಎಂಬ ಇನ್ನೊಂದು ಪದ್ಧತಿಯಿಂದ ತಂದದ್ದು. ಎರಡೂ ಚೆನ್ನಾಗಿ ಹೊಂದಿಕೊಳ್ಳುತ್ತವೆ. ಮೊದಲ ವಾರ ತಂಡಕ್ಕೆ ಕಿರಿಕಿರಿಯಾಯಿತು. "ನಾನು ಖಾಲಿ ಕೂತಿದ್ದರೆ ಮ್ಯಾನೇಜರ್ ಏನಂದುಕೊಳ್ತಾರೆ?" ಎಂದು ಒಬ್ಬ ಸೀನಿಯರ್ ನೇರವಾಗಿ ಕೇಳಿದರು. ಆ ಭಯ ನಿಜವಾದದ್ದೇ. ಅದಕ್ಕೆ ಉತ್ತರ ಹುಡುಕುವುದು ನನ್ನ ಕೆಲಸ, ಅವರದ್ದಲ್ಲ. ಹಿಂದಿನ ಸ್ಟೋರಿಗಳು ಶುರುವಾದ ದಿನ, ಮುಗಿದ ದಿನ ಎರಡನ್ನೂ ಬರೆದು ಮ್ಯಾನೇಜರ್ ಮುಂದೆ ಇಟ್ಟೆ. ಕೆಲಸ ನಡೆದ ದಿನಗಳಿಗಿಂತ ಕಾದ ದಿನಗಳೇ ಜಾಸ್ತಿ ಇದ್ದವು. ಅವರು ಒಪ್ಪಿದರು. ಕೋಡ್ ಬರೆಯುವವರು ಟೆಸ್ಟರ್‌ಗಳ ಪಕ್ಕ ಕೂತು ಟೆಸ್ಟ್ ಡೇಟಾ ಸಿದ್ಧ ಮಾಡಲು ಶುರು ಮಾಡಿದ್ದು ಆಮೇಲೆ. ದೊಡ್ಡ ಸ್ಟೋರಿಗಳನ್ನು ಒಡೆದು ಚಿಕ್ಕದು ಮಾಡುವ ಅಭ್ಯಾಸವೂ ಹಾಗೆಯೇ ಬಂತು, ನಾನು ಹೇಳಿಕೊಡಬೇಕಾಗಲಿಲ್ಲ.

ಇನ್ನೊಂದು ತೊಡಕು 'ಮುಗೀತು' ಎಂಬ ಮಾತಿನದು. ಒಬ್ಬರಿಗೆ ಕೋಡ್ ಬರೆದರೆ ಮುಗೀತು, ಇನ್ನೊಬ್ಬರಿಗೆ ರಿವ್ಯೂ ಆದರೆ ಮುಗೀತು. ಏನೇನಾದರೆ ಕೆಲಸ ಮುಗಿದಂತೆ ಎಂದು ಹೇಳುವ ಡೆಫಿನಿಷನ್ ಆಫ್ ಡನ್ ಎಂದು ಕಡತದಲ್ಲಿ ಒಂದು ಪುಟ ಇತ್ತು, ಯಾರೂ ಓದುತ್ತಿರಲಿಲ್ಲ. ಅದನ್ನು ಬಿಟ್ಟು ಎಲ್ಲರೂ ಸೇರಿ ಐದು ಸಾಲು ಬರೆದು ಬೋರ್ಡಿನ ಮೇಲೇ ಅಂಟಿಸಿದೆವು. ಅಷ್ಟೂ ಆಗದಿದ್ದರೆ ಸ್ಟೋರಿಗೆ ಪಾಯಿಂಟ್ (ಕೆಲಸದ ಗಾತ್ರಕ್ಕೆ ಕೊಡುವ ಅಂಕ) ಇಲ್ಲ, ಅರ್ಧ ಪಾಯಿಂಟ್ ಕೂಡ ಇಲ್ಲ. ಸ್ಪ್ರಿಂಟಿನ ಕೊನೆಗೆ ಆದ ಕೆಲಸ ತೋರಿಸುವ ರಿವ್ಯೂ ಮೀಟಿಂಗಿನಲ್ಲಿ ಅದನ್ನು ತೋರಿಸುವಂತೆಯೂ ಇಲ್ಲ, ಬಾಕಿ ಕೆಲಸಗಳ ಪಟ್ಟಿಯಾದ ಬ್ಯಾಕ್‌ಲಾಗ್‌ಗೆ ವಾಪಸ್. ತೋರಿಸಬಾರದು, ವಾಪಸ್ ಹೋಗಬೇಕು ಎಂದು ಗೈಡ್ ಕೂಡ ಹೇಳುತ್ತದೆ. ಮೊದಲ ಸಲ ನಮ್ಮ ವೆಲಾಸಿಟಿ, ಅಂದರೆ ಒಂದು ಸ್ಪ್ರಿಂಟಿನಲ್ಲಿ ಮುಗಿಸಿದ ಪಾಯಿಂಟ್‌ಗಳ ಮೊತ್ತ, ಅರ್ಧಕ್ಕೆ ಇಳಿಯಿತು. ನೋಡಲು ಕಷ್ಟವಾಯಿತು, ಆದರೆ ನಿಜವಾದ ಲೆಕ್ಕ ಅದೇ ಅಲ್ವಾ?

ರೆಟ್ರೋ, ಅಂದರೆ ಸ್ಪ್ರಿಂಟ್ ಮುಗಿದಾಗ ಏನು ಸುಧಾರಿಸಬೇಕೆಂದು ತಂಡ ಮಾತಾಡುವ ಸಭೆ, ಅದರ ಬಗ್ಗೆ ಒಂದೇ ಮಾತು. ಹತ್ತು ಸುಧಾರಣೆ ಬರೆದಿಡಬೇಡಿ. ಒಂದನ್ನು ಆರಿಸಿ, ಮುಂದಿನ ಸ್ಪ್ರಿಂಟಿಗೆ ಕಾರ್ಡ್ ಮಾಡಿ, ಯಾರು ಮಾಡುತ್ತಾರೆ ಎಂದು ಹೆಸರು ಹಾಕಿ.

ಈಗಲೂ ನಮ್ಮ ನಾಲ್ಕು ಸ್ಟೋರಿಯ ಮಿತಿ ಮುರಿಯುವುದು ಜನ ಬಳಸುತ್ತಿರುವ ಸಾಫ್ಟ್‌ವೇರ್‌ನಲ್ಲಿ, ಅಂದರೆ ಪ್ರೊಡಕ್ಷನ್‌ನಲ್ಲಿ ತುರ್ತು ಬಗ್ ಬಂದಾಗ. ಅದಕ್ಕೆಂದೇ ಬೋರ್ಡಿನ ಮೇಲ್ಗಡೆ ಒಂದು ಸಾಲು ಖಾಲಿ ಬಿಟ್ಟಿದ್ದೇವೆ, ಒಂದೇ ಕಾರ್ಡ್ ಹಿಡಿಸುವಷ್ಟು. ಎರಡನೇ ತುರ್ತು ಬಂದರೆ ಯಾವುದನ್ನು ಕೆಳಗಿಳಿಸಬೇಕು ಎಂದು, ಯಾವ ಕೆಲಸ ಮೊದಲು ಎಂದು ನಿರ್ಧರಿಸುವ ಪ್ರಾಡಕ್ಟ್ ಓನರ್ ಹೇಳಬೇಕು.